ಮಕ್ಕಳ ಕೈಯ ಮೊಬೈಲಿಗೆ ಸಂವರದ ಕಾವಲು

ಕನ್ನಡದ ಪ್ರಾಚೀನ ಗದ್ಯಕೃತಿಯಾದ ವಡ್ಡಾರಾಧನೆಯ 19 ಕಥೆಗಳಲ್ಲಿ ಮೊದಲನೆಯದು ಸುಕುಮಾರಸ್ವಾಮಿಯದು. ಮುನಿಯ ದರ್ಶನವಾದೊಡನೆ ಮಗನು ಸಂಸಾರವನ್ನು ತೊರೆಯುವನೆಂಬ ಭವಿಷ್ಯವಾಣಿಗೆ ಅಂಜಿದ ತಾಯಿ ಯಶೋಭದ್ರೆಯು ಮನೆಯತ್ತ ಮುನಿಗಳು ಸುಳಿಯದಂತೆ ಕಟ್ಟುಮಾಡುತ್ತಾಳೆ. ಮಣಿದೀಪಗಳ ತಂಪು ಬೆಳಕಿನಲ್ಲಿಯೇ ಬೆಳೆದ ಆ ಕುಮಾರನಿಗೆ ಆರತಿಯ ಸೊಡರು ಕಂಡರೂ ಕಣ್ಣಲ್ಲಿ ನೀರು ಬರುತ್ತದೆ. ಇಷ್ಟೆಲ್ಲ ಕಾವಲಿದ್ದರೂ ಒಮ್ಮೆ ಮುನಿಯೊಬ್ಬರ ಪಠನದ ದನಿ ಪ್ರಾಸಾದದ ಗೋಡೆಯನ್ನು ದಾಟಿ ಒಳಬರುತ್ತದೆ, ಮಗನು ಹೊರಟುಹೋಗುತ್ತಾನೆ.

ಆ ಕಥೆಯ ಪರಮಾರ್ಥ ವೈರಾಗ್ಯ. ಅಲ್ಲಿ ಗೋಡೆ ದಾಟಿ ಬಂದದ್ದು ಧರ್ಮದ ದನಿ, ಹೊರಟವನು ಸದ್ಗತಿಯ ಕಡೆಗೆ ಹೊರಟನು. ಆದರೆ ಪ್ರೀತಿಯಿಂದ ಕಟ್ಟಿದ ಗೋಡೆಯೂ ದನಿಯನ್ನು ತಡೆಯಲಾರದು ಎಂಬ ಸಣ್ಣ ಸತ್ಯವೊಂದು ಅದರಲ್ಲಿ ಅಡಗಿದೆ. ಇಂದು ಪ್ರೌಢಶಾಲೆಯ ಮಕ್ಕಳಿರುವ ಪ್ರತಿಯೊಂದು ಮನೆಗೂ ಅದು ಅನ್ವಯಿಸುತ್ತದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠವು ಮೊಬೈಲಿನ ಮೂಲಕ ಮನೆಗೆ ಬಂತು. ಶಾಲೆಗಳು ತೆರೆದವು; ಮೊಬೈಲು ಮಕ್ಕಳ ಕೈಯಲ್ಲಿಯೇ ಉಳಿಯಿತು. ಅದರ ಮೂಲಕ ಪಾಠದ ಜೊತೆಗೆ ಅಪರಿಚಿತರ ಸ್ನೇಹ, ತಿರುಚಿದ ಚಿತ್ರ, ಬೆದರಿಕೆ, ಹಣದಾಸೆಯ ಆಟ, ಸಹಪಾಠಿಗಳ ಗೇಲಿ ಎಲ್ಲವೂ ಒಳಬರುತ್ತಿವೆ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಿ ರಾತ್ರಿಭೋಜನ ತ್ಯಾಗವನ್ನು ನಿಷ್ಠೆಯಿಂದ ಪಾಲಿಸುವ ಮನೆಯಲ್ಲಿಯೂ ಮಗುವು ಕೋಣೆಯ ಕದವಿಕ್ಕಿಕೊಂಡು ನಡುರಾತ್ರಿಯವರೆಗೆ ಕಣ್ಣಿನಿಂದ ಏನನ್ನು ಉಣ್ಣುತ್ತಿದೆಯೆಂದು ಕೇಳುವವರು ವಿರಳ.

ಈ ಸಂಕಟಕ್ಕೆ ಹಿರಿಯರು ಸಾಮಾನ್ಯವಾಗಿ ಎರಡು ದಾರಿಗಳನ್ನು ಹಿಡಿಯುತ್ತಾರೆ. ಮೊಬೈಲನ್ನು ಕಸಿದುಕೊಳ್ಳುವುದು ಒಂದು. ಕಾಲವೇ ಹೀಗೆಂದು ಕೈಚೆಲ್ಲುವುದು ಇನ್ನೊಂದು. ಜಿನಧರ್ಮವು ಇವೆರಡಕ್ಕಿಂತ ಬೇರೆಯಾದ ಮಾರ್ಗವನ್ನು ತೋರಿಸುತ್ತದೆ. ದೋಣಿಯ ರಂಧ್ರದಿಂದ ನೀರು ನುಗ್ಗುವಂತೆ ಮನ, ವಚನ, ಕಾಯಗಳ ಮೂಲಕ ಕರ್ಮವು ಒಳಹರಿಯುವುದು ಆಸ್ರವ. ಆ ರಂಧ್ರವನ್ನು ಮುಚ್ಚುವುದು ಸಂವರ. ದೋಣಿಯನ್ನೇ ಸುಟ್ಟುಹಾಕುವುದು ಸಂವರವಲ್ಲ, ನೀರು ತುಂಬುವುದನ್ನು ನೋಡುತ್ತ ಕುಳಿತಿರುವುದೂ ಅಲ್ಲ. ಈರ್ಯಾ ಸಮಿತಿಯನ್ನು ಪಾಲಿಸುವ ಮುನಿಯು ನಡೆಯುವುದನ್ನು ನಿಲ್ಲಿಸುವುದಿಲ್ಲ. ನಾಲ್ಕು ಮೊಳ ದೂರದವರೆಗಿನ ನೆಲವನ್ನು ನೋಡಿಕೊಂಡು ಹೆಜ್ಜೆಯಿಡುತ್ತಾನೆ. ಮಗುವಿಗೆ ಕಲಿಸಬೇಕಾದದ್ದು ಈ ಎಚ್ಚರವನ್ನು. ಕೇಳುತ್ತಿರುವವರು ಯಾರು, ಏಕೆ ಕೇಳುತ್ತಿದ್ದಾರೆ, ಕಳುಹಿಸಿದ ಚಿತ್ರವನ್ನು ಮರಳಿ ಪಡೆಯಲು ಸಾಧ್ಯವೇ ಎಂದು ಬೆರಳೊತ್ತುವ ಮುನ್ನ ನಾಲ್ಕು ಮೊಳ ಮುಂದೆ ನೋಡುವ ಅಭ್ಯಾಸವೇ ಅದು. ಪ್ರಮಾದವಿದ್ದಲ್ಲಿ ಹಿಂಸೆಯಿದೆ ಎಂಬುದು ಆಗಮದ ನಿಲುವು. ಜಾಲದ ಲೋಕದಲ್ಲಿ ಪ್ರಮಾದಕ್ಕೆ ಒಂದು ಕ್ಷಣ ಸಾಕು.

ಈ ಎಚ್ಚರಕ್ಕೆ ಬೇಕಾದ ಪಾಠವು ಶ್ರಾವಕರ ಅಣುವ್ರತಗಳಲ್ಲಿಯೇ ಸಿದ್ಧವಾಗಿದೆ. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಪ್ರತಿಯೊಂದು ವ್ರತಕ್ಕೂ ಐದು ಅತಿಚಾರಗಳನ್ನು ಎಣಿಸುತ್ತದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಪರರ ಗುಟ್ಟನ್ನು ಬಯಲುಮಾಡುವ ರಹೋಭ್ಯಾಖ್ಯಾನವಿದೆ, ಸುಳ್ಳು ಬರಹವನ್ನು ಸೃಷ್ಟಿಸುವ ಕೂಟಲೇಖಕ್ರಿಯೆಯಿದೆ. ಗೆಳತಿಯೊಬ್ಬಳು ನಂಬಿ ಹೇಳಿದ ಮಾತಿನ ಸ್ಕ್ರೀನ್‌ಶಾಟನ್ನು ತರಗತಿಯ ಗುಂಪಿಗೆ ಹಾಕುವುದು ಮೊದಲನೆಯದು. ಬೇರೊಬ್ಬರ ಹೆಸರಿನಲ್ಲಿ ಖಾತೆ ತೆರೆಯುವುದು, ಒಬ್ಬರ ಮುಖವನ್ನು ಇನ್ನೊಂದು ದೇಹಕ್ಕೆ ಅಂಟಿಸುವುದು ಎರಡನೆಯದರ ಇಂದಿನ ರೂಪ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತದಾಹೃತಾದಾನವೂ ಒಂದು; ಕಳ್ಳನು ತಂದ ವಸ್ತುವನ್ನು ಕೊಳ್ಳುವುದು ಎಂದು ಅದರ ಅರ್ಥ. ಒಪ್ಪಿಗೆಯಿಲ್ಲದೆ ಹರಡಿದ ಚಿತ್ರವನ್ನು ತನ್ನ ಮೊಬೈಲಿನಲ್ಲಿ ಉಳಿಸಿಕೊಂಡವನು ಆ ಕದ್ದ ಮಾಲನ್ನು ಮನೆಯಲ್ಲಿಟ್ಟುಕೊಂಡವನೇ.

ವಿದ್ಯಾರ್ಥಿಗಳಲ್ಲಿ ಬಹುಮಂದಿಗೆ ಇದು ತಪ್ಪೆಂದು ತೋರುವುದಿಲ್ಲ. ಚಿತ್ರವನ್ನು ಮಾಡಿದವನು ಒಬ್ಬ, ಹರಡಿದವರು ನಾಲ್ವರು, ಉಳಿದವರು ನಕ್ಕವರಷ್ಟೇ ಎಂದು ಅವರು ಲೆಕ್ಕ ಹಾಕುತ್ತಾರೆ. ಕರ್ಮಸಿದ್ಧಾಂತದ ಲೆಕ್ಕ ಬೇರೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರನ್ನು ಮೂರು ಯೋಗಗಳಿಂದಲೂ, ಕೃತ, ಕಾರಿತ, ಅನುಮತಗಳೆಂಬ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿ ಪಾಪಾಸ್ರವದ 108 ದ್ವಾರಗಳನ್ನು ಆಚಾರ್ಯರು ಹೇಳಿದರು. ಮಾಡಿದವನು, ಮಾಡಿಸಿದವನು, ಮೆಚ್ಚಿದವನು ಮೂವರೂ ಆ ಲೆಕ್ಕದಲ್ಲಿದ್ದಾರೆ. ಹೆಬ್ಬೆರಳೆತ್ತಿದ ಒಂದು ಗುರುತು, ನಗುಮುಖದ ಒಂದು ಚಿಹ್ನೆ ಕೂಡ ಅನುಮೋದನೆಯೇ. ಜಪಮಾಲೆಯ 108 ಮಣಿಗಳನ್ನು ಎಣಿಸುವ ಅಜ್ಜಿಯು ಮೊಮ್ಮಗನಿಗೆ ಆ ಸಂಖ್ಯೆಯ ಅರ್ಥವನ್ನು ಹೀಗೆ ವಿವರಿಸಿದರೆ ಅದು ಅವನ ನೆನಪಿನಲ್ಲಿ ಗಟ್ಟಿಯಾಗಿ ನಿಲ್ಲಬಹುದು.

ಆದರೆ ಉಪದೇಶವು ತಪ್ಪು ಮಾಡುವವನಿಗೆ ಮಾತ್ರ ಸಾಲದು. ನೊಂದ ಮಗುವಿನ ಪ್ರಶ್ನೆಯು ಅದಕ್ಕಿಂತ ಗಹನ. ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳನ್ನು ಊಹಿಸಿಕೊಳ್ಳಬಹುದು. ಆಟದ ನೆಪದಲ್ಲಿ ಪರಿಚಯವಾದವನೊಬ್ಬ ಅವಳಿಂದ ಒಂದು ಚಿತ್ರವನ್ನು ಪಡೆದು, ಈಗ ಇನ್ನೊಂದನ್ನು ಕಳುಹಿಸದಿದ್ದರೆ ಮೊದಲನೆಯದನ್ನು ಎಲ್ಲರಿಗೂ ತೋರಿಸುವೆನೆಂದು ಬೆದರಿಸುತ್ತಿದ್ದಾನೆ. ಅವಳು ತಾಯಿಗೆ ಹೇಳಿದರೆ ಏಟು, ಶಿಕ್ಷಕರಿಗೆ ಹೇಳಿದರೆ ಶಿಕ್ಷಕರ ಕೊಠಡಿಯಲ್ಲೆಲ್ಲ ಮಾತು, ಯಾರಿಗೂ ಹೇಳದಿದ್ದರೆ ಮತ್ತೊಂದು ಚಿತ್ರ. ಬೆದರಿಸುವವನ ಬಲವು ಅವಳ ಮೌನದಲ್ಲಿದೆ. ಆ ಮೌನವನ್ನು ಕಟ್ಟಿಕೊಟ್ಟವರು ಹಿರಿಯರೇ ಆಗಿರುವುದು ದುಃಖದ ಸಂಗತಿ.

ಶ್ರಮಣ ಪರಂಪರೆಯು ಇದಕ್ಕೆ ಔಷಧವನ್ನು ಬಹುಕಾಲದ ಹಿಂದೆಯೇ ಅರಿತಿತ್ತು. ಪ್ರಾಯಶ್ಚಿತ್ತದ ಭೇದಗಳಲ್ಲಿ ಮೊದಲನೆಯದು ಆಲೋಚನೆ, ಅಂದರೆ ನಡೆದದ್ದನ್ನು ಗುರುವಿನೆದುರು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುವುದು. ಹೇಳುವವನು ಮಗುವಿನಂತೆ ಸರಳವಾಗಿರಬೇಕೆಂದು ಬಯಸಿದ ಆಚಾರ್ಯರು ಕೇಳುವವನಿಗೂ ನಿಯಮವನ್ನಿಟ್ಟರು. ಆತನು ಅಪರಿಸ್ರಾವಿಯಾಗಿರಬೇಕು, ಕೇಳಿದ್ದನ್ನು ಸೋರಗೊಡದವನಾಗಿರಬೇಕು. ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಅಂತಹ ಗುಣವುಳ್ಳ ಒಬ್ಬ ಶಿಕ್ಷಕ, ಒಬ್ಬ ಶಿಕ್ಷಕಿ ಇರಬೇಕು. ಅವರು ಯಾರೆಂಬುದು ಎಲ್ಲ ಮಕ್ಕಳಿಗೂ ತಿಳಿದಿರಬೇಕು. ಅವರು ಮೊದಲು ಆಡಬೇಕಾದ ಮಾತು 'ಏಕೆ ಹೀಗೆ ಮಾಡಿದೆ' ಎಂಬುದಲ್ಲ, 'ಹೇಳಿದ್ದು ಒಳ್ಳೆಯದಾಯಿತು, ಮಗೂ' ಎಂಬುದು.

ಇಲ್ಲಿ ಒಂದು ವಿವೇಕ ಅಗತ್ಯ. ಗುಟ್ಟನ್ನು ಸೋರಗೊಡದಿರುವುದು ಬೇರೆ, ಅಪರಾಧವನ್ನು ಅಡಗಿಸುವುದು ಬೇರೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವೂ ಒಂದು. ಅಶಕ್ತರ ದೋಷವನ್ನು ಸಾರದೆ ಮುಚ್ಚಿ ಧರ್ಮಮಾರ್ಗವನ್ನು ಕಾಯುವುದು ಅದರ ಆಶಯ. ಈ ಪುಣ್ಯಶಬ್ದವನ್ನು ಸಂಸ್ಥೆಯ ಗೌರವ ಕಾಯುವ ನೆಪವಾಗಿ ಬಳಸುವ ಅಪಾಯವುಂಟು. 'ಶಾಲೆಯ ಹೆಸರು ಕೆಡುತ್ತದೆ, ಹುಡುಗಿಯ ಭವಿಷ್ಯ ಹಾಳಾಗುತ್ತದೆ, ಇಲ್ಲಿಗೇ ಮುಗಿಸೋಣ' ಎಂಬ ಮಾತು ಉಪಗೂಹನವಲ್ಲ. ಅದು ಹಿಂಸೆಯ ಅನುಮೋದನೆ. ಉಪಗೂಹನಕ್ಕೆ ಪಾತ್ರವಾಗಬೇಕಾದದ್ದು ನೊಂದ ಮಗುವಿನ ಹೆಸರು ಮತ್ತು ಮಾನ, ಪೀಡಕನ ಕೃತ್ಯವಲ್ಲ. ದೇಶದ ಕಾನೂನು ಹೇಳುವುದೂ ಇದನ್ನೇ. 2012ರ ಪೋಕ್ಸೊ ಕಾಯ್ದೆಯು 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳೆಂದು ಪರಿಗಣಿಸುತ್ತದೆ. ಅವರ ಮೇಲಿನ ಲೈಂಗಿಕ ಅಪರಾಧವು ತಿಳಿದೂ ಪೊಲೀಸರಿಗೆ ವರದಿ ಮಾಡದಿರುವುದನ್ನು ಶಿಕ್ಷಾರ್ಹವೆನ್ನುತ್ತದೆ. ಅದೇ ವೇಳೆ ಮಗುವಿನ ಗುರುತನ್ನು ಮಾಧ್ಯಮಗಳು ಬಹಿರಂಗಪಡಿಸುವುದನ್ನು ನಿರ್ಬಂಧಿಸುತ್ತದೆ. ಆದ್ದರಿಂದ ಯಾರಿಗೂ ಹೇಳುವುದಿಲ್ಲವೆಂಬ ಹುಸಿ ಭರವಸೆಯನ್ನು ಶಿಕ್ಷಕರು ಕೊಡಬಾರದು. ಹೇಳಲೇಬೇಕಾದವರಿಗೆ ಮಾತ್ರ ಹೇಳುವೆನೆಂದು ಮಗುವಿಗೆ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098, ಸೈಬರ್ ವಂಚನೆಯ ಸಹಾಯವಾಣಿ 1930 ಎಂಬ ಸಂಖ್ಯೆಗಳು ತರಗತಿಯ ಗೋಡೆಯ ಮೇಲಿರಬೇಕು. ಧರ್ಮದ ಹೆಸರಿನಲ್ಲಿ ನಡೆಯುವ ಶಾಲೆ, ಗುರುಕುಲ, ವಿದ್ಯಾರ್ಥಿನಿಲಯಗಳಿಗೆ ಈ ಹೊಣೆಯು ಇಮ್ಮಡಿಯಾದದ್ದು. ಮಕ್ಕಳನ್ನು ಅಲ್ಲಿಗೆ ಸೇರಿಸುವ ಹೆತ್ತವರು ಆ ಹೆಸರನ್ನು ನಂಬಿಯೇ ಸೇರಿಸಿರುತ್ತಾರೆ.

ತಪ್ಪು ಮಾಡಿದವನೂ ಕೆಲವೊಮ್ಮೆ ಹದಿನಾಲ್ಕರ ಬಾಲಕನೇ ಆಗಿರುತ್ತಾನೆ. ಅವನನ್ನು ಶಾಲೆಯಿಂದ ಹೊರದೂಡಿ ಕೈತೊಳೆದುಕೊಳ್ಳುವುದು ಸುಲಭ. ಜಾರಿದವನನ್ನು ಮತ್ತೆ ದಾರಿಯಲ್ಲಿ ನಿಲ್ಲಿಸುವುದಕ್ಕೆ ಸ್ಥಿತಿಕರಣವೆಂಬ ಅಂಗವನ್ನು ಹೇಳಿದೆ. ಆದರೆ ಕ್ರಮವು ತಪ್ಪಬಾರದು. ಮೊದಲು ನೊಂದವಳ ರಕ್ಷಣೆ, ಬಳಿಕ ಕಾನೂನು ವಿಧಿಸುವ ನಡೆ, ಅದರೊಡನೆ ಅವನ ಪಶ್ಚಾತ್ತಾಪ ಮತ್ತು ತಿದ್ದುಪಡಿ. ನೊಂದವಳನ್ನು ಕರೆದು 'ಕ್ಷಮಿಸಿಬಿಡು' ಎಂದು ಒತ್ತಾಯಿಸುವುದು ಉತ್ತಮ ಕ್ಷಮೆಯಲ್ಲ. ಕ್ಷಮೆಯು ಒಳಗಿನಿಂದ ಅರಳಬೇಕಾದದ್ದು, ಬಲವಂತದಿಂದ ಪಡೆಯತಕ್ಕದ್ದಲ್ಲ.

ಮನೆಯ ಹಿರಿಯರ ನಡತೆಯೇ ಮಕ್ಕಳ ಮೊದಲ ಪಾಠ. ಪರಿಶೀಲಿಸದೆ ಸುದ್ದಿಯನ್ನು ಹರಡುವ ತಂದೆಯು ಮಗನಿಗೆ ಸತ್ಯಾಣುವ್ರತವನ್ನು ಬೋಧಿಸಲಾರನು. ದೇಶವ್ರತವು ಕಾಲ ಮತ್ತು ಕ್ಷೇತ್ರಗಳಿಗೆ ಮಿತಿ ಹಾಕಿಕೊಳ್ಳುವುದನ್ನು ಕಲಿಸುತ್ತದೆ. ರಾತ್ರಿ ಒಂದು ವೇಳೆಯ ನಂತರ ಮನೆಯ ಎಲ್ಲ ಮೊಬೈಲುಗಳೂ, ಹಿರಿಯರವೂ ಸೇರಿ, ನಡುಮನೆಯ ಒಂದೇ ಕಡೆ ಇರಲಿ ಎಂಬ ನಿಯಮವನ್ನು ಕುಟುಂಬವು ಒಟ್ಟಾಗಿ ತೆಗೆದುಕೊಳ್ಳಬಹುದು. ಸಂಜೆಯ ಪ್ರತಿಕ್ರಮಣದಲ್ಲಿ ಅಂದು ನಡೆದಾಗ ತುಳಿದ ಜೀವಿಗಳನ್ನು ನೆನೆಯುವಂತೆ, ಅಂದು ಬೆರಳಿನಿಂದ ನೋಯಿಸಿದ ಜೀವಿಗಳನ್ನೂ ನೆನೆಯಬಹುದು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳನ್ನು ಕನ್ನಡ ನಾಡಿನ ಜೈನ ಪರಂಪರೆಯು ಶತಮಾನಗಳಿಂದ ಕೊಂಡಾಡಿದೆ. ಇಂದಿನ ಶಾಲೆಯಲ್ಲಿ ಪಾಠವೆಂಬ ಶಾಸ್ತ್ರದಾನವಿದೆ. ಬಿಸಿಯೂಟದ ರೂಪದಲ್ಲಿ ಆಹಾರದಾನವಿದೆ. ಆರೋಗ್ಯ ತಪಾಸಣೆಯ ರೂಪದಲ್ಲಿ ಔಷಧದಾನವೂ ಉಂಟು. ನಾಲ್ಕನೆಯದಕ್ಕೆ ಹಣ ಬೇಕಿಲ್ಲ, ಕಟ್ಟಡ ಬೇಕಿಲ್ಲ. 'ಏನಾದರೂ ಆಗಲಿ, ನನಗೆ ಬಂದು ಹೇಳು' ಎಂದು ಒಬ್ಬ ಹಿರಿಯರು ಹೇಳಬೇಕು. ಮಗುವು ಬಂದು ಹೇಳಿದ ದಿನ ಆ ಮಾತಿಗೆ ತಪ್ಪದೆ ನಿಲ್ಲಬೇಕು. ಅಭಯದಾನವೆಂದರೆ ಅಷ್ಟೇ.