ಹುಲಸೂರಿನಲ್ಲಿ ಕಂಪನಿ ಹುಟ್ಟದು ಎನ್ನುವವರಿಗೆ

ಹುಲಸೂರಿನಂಥ ಊರಲ್ಲಿ ಕೂತು ಹೆಸರುವಾಸಿ ಕಂಪನಿ ಕಟ್ಟುವ ಮಾತಾಡುವುದೇ ಹುಚ್ಚುತನ ಎನ್ನುವವರಿಗೆ ಬೀದರ ಜಿಲ್ಲೆಯಲ್ಲಿ ಬರವಿಲ್ಲ. ಚಹದ ಹೋಟೆಲಿನಲ್ಲೂ ಅದೇ ವಾದ, ವೇದಿಕೆಯ ಮೇಲೂ ಅದೇ ವಾದ. ಒಂದೊಂದನ್ನೇ ಎತ್ತಿಕೊಳ್ಳುತ್ತೇನೆ, ತೂಗಿ ನೋಡುವ ಕೆಲಸ ಓದುಗರದು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕಣ್ಣೆದುರಿನ ಗಿರಾಕಿಯ ಯಾವ ತೊಂದರೆಯನ್ನು ಉಳಿದವರೆಲ್ಲ ‘ನಮಗ್ಯಾಕೆ’ ಎಂದು ಬಿಟ್ಟಿರುತ್ತಾರೋ, ಅದನ್ನು ಕೈಗೆತ್ತಿಕೊಂಡವರ ಕಂಪನಿಯೇ ಬೇರೆಯಾಗಿ ನಿಲ್ಲುತ್ತದೆ. ಊರು, ದುಡ್ಡು, ಸರ್ಕಾರ ಆಮೇಲಿನ ಮಾತು.

ಮೊದಲ ವಾದ: ನಾವು ರಾಜ್ಯದ ತುತ್ತತುದಿಯಲ್ಲಿದ್ದೇವೆ, ಬೆಂಗಳೂರು ದೂರ. ದೂರವೇನೋ ಹೌದು. ಆದರೆ ಪುಣೆಯಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲೂಕುಗಳನ್ನು ಹಾಯ್ದೇ ಹೋಗುತ್ತದೆ. ಅದೇ ರಸ್ತೆಯಲ್ಲಿ ಗಡಿ ದಾಟಿದರೆ ಸಿಗುವ ಜಹೀರಾಬಾದಿನಲ್ಲಿ ಮಹೀಂದ್ರಾದವರು 2013ರಲ್ಲಿ ಟ್ರ್ಯಾಕ್ಟರ್ ಕಾರ್ಖಾನೆ ತೆರೆದರು. ಬೆಂಗಳೂರು ಎಷ್ಟು ದೂರ ಎಂದು ಅವರು ಲೆಕ್ಕ ಹಾಕಿರಲಿಕ್ಕಿಲ್ಲ. 2017ರಲ್ಲಿ ಬೀದರ-ಕಲಬುರಗಿ ರೈಲು ಮಾರ್ಗ ಹುಮನಾಬಾದಿನ ಮೇಲೆಯೇ ಪೂರ್ತಿಯಾಯಿತು. ಇನ್ನು, ಕನ್ನಡ, ಮರಾಠಿ, ಉರ್ದು ಮೂರರಲ್ಲೂ ವ್ಯವಹಾರ ಕುದುರಿಸಿ, ತೆಲುಗಿನಲ್ಲೂ ನಾಲ್ಕು ಮಾತು ನಿಭಾಯಿಸಬಲ್ಲ ಹುಡುಗರು ಈ ಸೀಮೆಯಲ್ಲಿ ಅಪರೂಪವಲ್ಲ. ಮೂರು ರಾಜ್ಯಗಳು ಕೂಡುವ ಜಾಗವನ್ನು ‘ಮೂಲೆ’ ಎನ್ನುವವರು ನಕಾಶೆಯನ್ನು ವಿಧಾನಸೌಧದ ಕಿಟಕಿಯಿಂದ ಮಾತ್ರ ನೋಡಿದ್ದಾರೆ.

ಎರಡನೆಯದು: ಇಲ್ಲಿ ಮಾರುಕಟ್ಟೆ ಇಲ್ಲ. ಇದನ್ನು ಹೇಳುವವರೇ ಸುಗ್ಗಿ ಬಂದಾಗ ಬೇರೆ ರಾಗ ಎಳೆಯುತ್ತಾರೆ. ನಮ್ಮ ತೊಗರಿಯನ್ನು ಲಾತೂರಿನವರು ಅಗ್ಗಕ್ಕೆ ಒಯ್ದು, ಬೇಳೆ ಮಾಡಿ ತುಟ್ಟಿಗೆ ಮಾರುತ್ತಾರಂತೆ. ಮಾರುಕಟ್ಟೆಯೇ ಇಲ್ಲದಿದ್ದರೆ ಲಾತೂರಿನ ದಾಲ್ ಮಿಲ್‌ಗಳು ನಡೆಯುವುದು ಯಾರ ದುಡ್ಡಿನಲ್ಲಿ? ಎರಡರಲ್ಲಿ ಒಂದು ದೂರನ್ನು ಅವರು ಆರಿಸಿಕೊಳ್ಳಬೇಕು. ನೆರೆಯ ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅಂದರೆ ಊರಿನ ಹೆಸರಿಗೂ ಬೆಲೆ ಕಟ್ಟಬಹುದು ಎಂಬುದನ್ನು ಪಕ್ಕದ ಜಿಲ್ಲೆಯವರು ತೋರಿಸಿಯಾಗಿದೆ. ಹಾಗೆಂದು ಇಲ್ಲೂ ಹತ್ತು ದಾಲ್ ಮಿಲ್ ಹಾಕಿ ಎನ್ನುತ್ತಿಲ್ಲ. ಲಾತೂರಿನವರು ಮಾಡಿದ್ದನ್ನೇ ಮಾಡಿದರೆ ಲಾತೂರಿನವರೇ ಗೆಲ್ಲುತ್ತಾರೆ.

ಮೂರನೆಯದು ಎಲ್ಲರ ಮೆಚ್ಚಿನ ವಾದ: ಬಂಡವಾಳ ಎಲ್ಲಿದೆ? ಹುಮನಾಬಾದ್ ತಾಲೂಕಿನ ಹಳ್ಳಿಖೇಡದ ಸಹಕಾರಿ ಸಕ್ಕರೆ ಕಾರ್ಖಾನೆಗೆ ರೈತರ ಷೇರು, ಸರ್ಕಾರದ ಕೃಪೆ, ಬ್ಯಾಂಕಿನ ಸಾಲ ಯಾವುದೂ ಕಡಿಮೆಯಾಗಿರಲಿಲ್ಲ. ಆದರೂ ಅದು ಸಾಲ ಹೊತ್ತು ಬಾಗಿಲು ಹಾಕಿತು. ಇತ್ತ ಗದಗಿನಲ್ಲಿ ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಲಾರಿಯಿಂದ ಸಾರಿಗೆ ವ್ಯವಹಾರ ಆರಂಭಿಸಿದರು. ಅವರ ವಿಆರ್‌ಎಲ್ 2015ರಲ್ಲಿ ಷೇರು ಮಾರುಕಟ್ಟೆಗೆ ಬಂತು. ಇಷ್ಟು ಹೇಳಿದರೆ ಸಾಕು, ಪ್ರತಿವಾದಿ ಎದ್ದು ನಿಲ್ಲುತ್ತಾರೆ: ಅವರ ಮನೆಯಲ್ಲಿ ಮುದ್ರಣದ ವ್ಯವಹಾರ ಇತ್ತಲ್ಲ, ಕೈ ಬರಿದಾಗಿರಲಿಲ್ಲವಲ್ಲ! ಇತ್ತು. ಮುದ್ರಣಾಲಯವಿದ್ದ ಮನೆಗಳು ನಾಡಿನಲ್ಲಿ ಬೇಕಾದಷ್ಟಿದ್ದವು, ಲಾರಿ ಇದ್ದವರು ಅದಕ್ಕಿಂತ ಹೆಚ್ಚಿದ್ದರು. ಅವರೆಲ್ಲರ ಮನೆಯಲ್ಲೂ ವಿಆರ್‌ಎಲ್ ಏಕೆ ಹುಟ್ಟಲಿಲ್ಲ ಎಂದರೆ ಉತ್ತರ ಬರುವುದಿಲ್ಲ. ಉತ್ತರ ಪಾರ್ಸೆಲ್ಲಿನಲ್ಲಿದೆ. ಲಾರಿ ತುಂಬುವಷ್ಟು ಮಾಲು ಇಲ್ಲದ ಸಣ್ಣ ವ್ಯಾಪಾರಿಯ ಒಂದೆರಡು ಗಂಟನ್ನು ಊರಿಂದೂರಿಗೆ ಮುಟ್ಟಿಸುವುದು ತಲೆನೋವಿನ ಕೆಲಸ. ವಿಆರ್‌ಎಲ್ ಬೆಳೆದದ್ದು ಆ ತಲೆನೋವನ್ನೇ ಹೊತ್ತು.

ನಾಲ್ಕನೆಯ ವಾದದಲ್ಲಿ ಸ್ವಲ್ಪ ಹುರುಳಿದೆ, ಆದ್ದರಿಂದ ಅಲ್ಲಿ ನಿಂತು ನೋಡಬೇಕು. ಬಸವಕಲ್ಯಾಣದ ಸಸ್ತಾಪುರ ಬಂಗ್ಲಾ ಹತ್ತಿರದ ಆಟೋನಗರವನ್ನು ನೋಡಿ ಎಂದರೆ ಅವರು ನಿಟ್ಟುಸಿರು ಬಿಡುತ್ತಾರೆ: ಅದನ್ನೂ ಸರ್ಕಾರದ ನಿಯಮ ಕೊಂದಿತು. ಬರೀ ಚಾಸಿ ಒಳಗೆ ಬಂದು ಬಣ್ಣ ಬಳಿದುಕೊಂಡ ಲಾರಿ ಹೊರಗೆ ಹೋಗುವ ಜಾಗ ಅದು. ಬಡಗಿ, ವೆಲ್ಡರ್, ಪೇಂಟರ್, ಇಂಜಿನ್ ಮಿಸ್ತ್ರಿ ಎಲ್ಲರೂ ಕೂಗಳತೆಯಲ್ಲಿ ಸಿಗುತ್ತಾರೆ. ಯಾವ ಸಚಿವರೂ ಅಡಿಗಲ್ಲಿಟ್ಟು ಈ ಕಸುಬನ್ನು ಹುಟ್ಟಿಸಲಿಲ್ಲ. ಹೆದ್ದಾರಿಯಲ್ಲಿ ಕೆಟ್ಟು ನಿಂತ ಲಾರಿಯೇ ಇಲ್ಲಿ ಗಿರಾಕಿ. ಈಗ ಲಾರಿಯ ಬಾಡಿ ಕಟ್ಟುವುದಕ್ಕೆ ಎಐಎಸ್-093 ಎಂಬ ನಿಯಮಾವಳಿ ಬಂದಿದೆ, ದೊಡ್ಡ ಕಂಪನಿಗಳು ಬಾಡಿ ಸಮೇತವೇ ಲಾರಿ ಮಾರುತ್ತಿವೆ. ಪೆಟ್ಟು ನಿಜ, ಒಪ್ಪುತ್ತೇನೆ. ಆದರೆ ಕಾರ್ಖಾನೆಯಿಂದ ಬರುವ ಬಾಡಿ ಎಲ್ಲರಿಗೂ ಒಂದೇ ಅಳತೆಯದು. ಕಬ್ಬು ಸಾಗಿಸುವವನಿಗೆ, ಕಲ್ಲು ಸಾಗಿಸುವವನಿಗೆ, ಕುರಿ ಸಾಗಿಸುವವನಿಗೆ ಬೇಕಾದ ಬಾಡಿ ಬೇರೆ ಬೇರೆ. ಆ ವ್ಯತ್ಯಾಸ ಬಲ್ಲವನು ಸಸ್ತಾಪುರದ ಮಿಸ್ತ್ರಿ. ಹತ್ತು ಗ್ಯಾರೇಜಿನವರು ಕೂಡಿ, ನಿಯಮದ ಪ್ರಕಾರ ಮಂಜೂರಾತಿ ಪಡೆದು, ಒಂದೇ ಹೆಸರಿನಲ್ಲಿ ಕಬ್ಬಿನ ಬಾಡಿ ಮಾರಬಾರದೆಂದು ಯಾವ ಕಾನೂನು ಹೇಳಿದೆ?

ನಿಯಮ ಕೊಲ್ಲುತ್ತದೆ ಎನ್ನುವವರು ಬೆಂಗಳೂರಿನ ಎಂಟಿಆರ್ ಕಥೆಯನ್ನೂ ಕೇಳಬೇಕು. ಮಯ್ಯ ಸಹೋದರರು 1924ರಲ್ಲಿ ಶುರುಮಾಡಿದ ಹೋಟೆಲಿಗೆ ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾದಾಗ ರವೆ ಇಡ್ಲಿ ಬಂತು. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರವೇ ತಿಂಡಿಯ ಬೆಲೆ ಕಟ್ಟಿಹಾಕಿ ಹೋಟೆಲು ನಡೆಸುವುದು ಕಷ್ಟವಾದಾಗ ಪೊಟ್ಟಣದ ಸಿದ್ಧ ಹಿಟ್ಟುಗಳ ವ್ಯಾಪಾರ ಎದ್ದಿತು. 2007ರಲ್ಲಿ ನಾರ್ವೆಯ ಓರ್ಕ್ಲಾ ದುಡ್ಡು ಕೊಟ್ಟು ಕೊಂಡದ್ದು ಆ ಪೊಟ್ಟಣದ ವ್ಯಾಪಾರವನ್ನೇ.

‘ನಮ್ಮವರ ರಕ್ತದಲ್ಲೇ ವ್ಯಾಪಾರವಿಲ್ಲ’ ಎಂಬ ಐದನೆಯ ವಾದಕ್ಕೆ ಹೆಚ್ಚು ಕಾಗದ ಖರ್ಚು ಮಾಡಲಾರೆ. ಹಗ್ಗ ಹೊಸೆದು ಮಾರಿದ ಶರಣ ನುಲಿಯ ಚಂದಯ್ಯನ ಹೆಸರಿನ ಗವಿ ಇರುವುದು ಇದೇ ಬಸವಕಲ್ಯಾಣದಲ್ಲಿ. ಶರಣರ ಜಯಂತಿಯ ದಿನ ಕಾಯಕದ ಮೇಲೆ ಗಂಟೆಗಟ್ಟಲೆ ಮಾತಾಡಿ, ಮರುದಿನ ಮಗನಿಗೆ ಗುಮಾಸ್ತಿಕೆ ಹುಡುಕಲು ಹೊರಡುವವರು ರಕ್ತದ ಸುದ್ದಿ ಎತ್ತದಿರುವುದು ಲೇಸು.

ಕೊನೆಯದು: ಮೊದಲು ಸರ್ಕಾರ ಕೊಡಲಿ. ಏನು ಕೊಡಲಿ? ಸಂವಿಧಾನದ 371(ಜೆ) ವಿಧಿ ಕೊಡಲಿ ಎಂದರು, 2013ರಲ್ಲಿ ಬಂತು. ಅದು ಕೊಡುವುದು ಓದಿನಲ್ಲಿ ಮತ್ತು ನೌಕರಿಯಲ್ಲಿ ಮೀಸಲಾತಿ, ಗಿರಾಕಿಯನ್ನಲ್ಲ. ಪ್ರದೇಶಾಭಿವೃದ್ಧಿ ಮಂಡಳಿ ಬಂತು, 2019ರಲ್ಲಿ ಈ ಸೀಮೆಗೆ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂತು, ಹುಲಸೂರಿಗೆ ತಾಲೂಕಿನ ಪಟ್ಟವೂ ಬಂತು. ಕೈಗಾರಿಕಾ ಪ್ರದೇಶ ಬೇಕೆಂದರು, ಅದು ಹುಮನಾಬಾದಿನಲ್ಲಿದೆ, ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳೂ ಬಂದಿವೆ. ಬಂದ ಮೇಲೆ ‘ಹೊರಗಿನವರ ಕಾರ್ಖಾನೆ, ನಮಗೇನು ಲಾಭ’ ಎಂದು ದೂರಿದವರು ಯಾರು? ಇದೇ ಮಹನೀಯರು. ಹಾಗಾದರೆ ಒಳಗಿನವರದು ಯಾವಾಗ ಎಂದು ಕೇಳಿ ನೋಡಿ. ಬೆಂಗಳೂರು ಬಹಳ ದೂರ ಎನ್ನುತ್ತಾರೆ.