ನೇರಳೆ ಹೂವಿನ ಎಣ್ಣೆ

ಮಕ್ಕಳೇ, ಮೊನ್ನೆ ಮೊಮ್ಮಗಳು ಪುಟ್ಟ ಸೀಸೆಯೊಂದನ್ನು ತಂದುಕೊಟ್ಟು, ‘ಲ್ಯಾವೆಂಡರ್ ಎಣ್ಣೆ ಅಜ್ಜಿ, ಚೆನ್ನಾಗಿ ನಿದ್ದೆ ಬರುತ್ತಂತೆ’ ಎಂದಳು. ಜಮ್ಮುವಿನ ಭದೇರ್ವಾದಲ್ಲಿ ಮೆಕ್ಕೆಜೋಳ ಬೆಳೆಯುತ್ತಿದ್ದ ಎಷ್ಟೋ ರೈತರು ಈಗ ಈ ನೇರಳೆ ಹೂ ಬೆಳೆಯುತ್ತಾರೆ. ಹೂವಿಗೆ ಹಬೆ ಹಾಯಿಸಿ, ಆ ಹಬೆಯನ್ನು ತಣಿಸಿದರೆ ನೀರಿನ ಮೇಲೆ ಎಣ್ಣೆ ತೇಲುತ್ತದೆ.

ಹತ್ತಿಗೆ 2 ಹನಿ ಹಾಕಿ ದಿಂಬಿನ ಪಕ್ಕ ಇಟ್ಟುಕೊಂಡೆ. ಆ ಘಮಕ್ಕೆ ಮನಸ್ಸು ಹಗುರಾಯಿತು, ನಿದ್ದೆಯೂ ಬಂತು. ಬೆಳಿಗ್ಗೆ ಕಣ್ಣು ಬಿಟ್ಟರೆ, ಪುಟ್ಟ ಮೊಮ್ಮಗ ಮುಚ್ಚಳ ತೆಗೆದು ಸೀಸೆಯನ್ನು ಬಾಯಿಗಿಡುತ್ತಿದ್ದ! ಎದೆ ಧಸಕ್ಕೆಂದಿತು. ತಕ್ಷಣ ಕಿತ್ತುಕೊಂಡೆ.

ಇದು ಅಡುಗೆಯ ಎಣ್ಣೆಯಲ್ಲ. ಕುಡಿದರೆ ಮಕ್ಕಳಿಗೆ ವಿಷವಾಗಬಹುದು. ದೊಡ್ಡವರು ಮೈಗೆ ಹಚ್ಚಿಕೊಳ್ಳುವುದಾದರೂ ಒಂದು ಚಮಚ ಕೊಬ್ಬರಿ ಎಣ್ಣೆಗೆ 2 ಹನಿ ಸಾಕು.

ಅಜ್ಜ–ಅಜ್ಜಿಯರೇ, ನಿಮ್ಮ ಸೀಸೆ ಎಲ್ಲಿದೆ? ನನ್ನದೀಗ ಬೀರುವಿನಲ್ಲಿ, ಬೀಗದೊಳಗೆ.