ಟೋಲ್‌ಗೇಟಿಗೆ ಬಂದ ಅಂಟೆನಾ ಕುರಿಹಟ್ಟಿಗೇಕಿಲ್ಲ?

ಹೊಸಪೇಟೆಯಿಂದ ಕೂಡ್ಲಿಗಿ ಮಾರ್ಗವಾಗಿ ಚಿತ್ರದುರ್ಗದತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ, ಅಂದರೆ ಹಳೆಯ ಹೆದ್ದಾರಿ 13ರಲ್ಲಿ, ಟೋಲ್ ಕಟ್ಟಲು ಲಾರಿ ಚಾಲಕರು ಈಗ ಚಿಲ್ಲರೆ ಹುಡುಕಬೇಕಿಲ್ಲ. ಗೇಟಿನ ಮೇಲೆ ತೂಗುಹಾಕಿರುವ ಚಪ್ಪಟೆ ಪೆಟ್ಟಿಗೆಯೊಂದು ಮುಂಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಚೀಟಿಯನ್ನು ಓದುತ್ತದೆ. ಹಣ ಖಾತೆಯಿಂದ ಕಡಿತವಾಗುತ್ತದೆ. ಅದೇ ಹೆದ್ದಾರಿಯ ಅಂಚಿನಲ್ಲಿ ಮಂದೆ ಹೊಡೆದುಕೊಂಡು ಸಾಗುವ ಕುರಿಗಾಹಿ ಮಾತ್ರ ತನ್ನ ಕುರಿಗಳನ್ನು ಇಂದಿಗೂ ಕಣ್ಣಿನಿಂದಲೇ ಎಣಿಸುತ್ತಾನೆ. ಒಂದೇ ರಸ್ತೆಯ ಈ ಎರಡು ಚಿತ್ರಗಳು ಆರ್‌ಎಫ್‌ಐಡಿ ಎಂಬ ತಂತ್ರಜ್ಞಾನ ಎಲ್ಲಿಗೆ ಬಂದಿದೆ, ಎಲ್ಲಿಗೆ ಬಂದಿಲ್ಲ ಎಂಬುದನ್ನು ಹೇಳುತ್ತವೆ.

ಆರ್‌ಎಫ್‌ಐಡಿ ಎಂದರೆ ರೇಡಿಯೊ ಅಲೆಗಳ ಮೂಲಕ ಗುರುತು ಹಿಡಿಯುವ ವ್ಯವಸ್ಥೆ. ಚೀಟಿಯೊಳಗೆ ಬ್ಯಾಟರಿ ಇರುವುದಿಲ್ಲ. ಸಣ್ಣದೊಂದು ಚಿಪ್ ಹಾಗೂ ತೆಳುವಾದ ಲೋಹದ ಅಂಟೆನಾ ಮಾತ್ರ ಇರುತ್ತವೆ. ರೀಡರ್‌ನ ಅಂಟೆನಾ ಹೊರಸೂಸುವ ಅಲೆಗಳಿಂದಲೇ ಚಿಪ್ ಶಕ್ತಿ ಪಡೆದು ತನ್ನ ಸಂಖ್ಯೆಯನ್ನು ಮರಳಿ ಒಪ್ಪಿಸುತ್ತದೆ. ಭಾರತದಲ್ಲಿ ಈ ಬಳಕೆಗೆ 865ರಿಂದ 867 ಮೆಗಾಹರ್ಟ್ಸ್ ತರಂಗಾಂತರವನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು; 2021ರಲ್ಲಿ ಅದನ್ನು 868ರವರೆಗೆ ವಿಸ್ತರಿಸಲಾಯಿತು. ಟೋಲ್‌ಗೇಟಿನಲ್ಲಿ ಕೆಲವು ಮೀಟರ್ ದೂರದಿಂದ ಓದುವುದು ಈ ತರಂಗಾಂತರವೇ. ಗ್ರಂಥಾಲಯದ ಪುಸ್ತಕ, ಮೆಟ್ರೊ ಕಾರ್ಡ್‌ಗಳಲ್ಲಿ 13.56 ಮೆಗಾಹರ್ಟ್ಸ್ ಬಳಕೆಯಲ್ಲಿದ್ದು, ಕಾರ್ಡನ್ನು ರೀಡರ್‌ನ ಹತ್ತಿರಕ್ಕೇ ಹಿಡಿಯಬೇಕು. ಪ್ರಾಣಿಗಳಿಗೆ 134.2 ಕಿಲೊಹರ್ಟ್ಸ್ ಎಂಬ ಕೆಳಮಟ್ಟದ ತರಂಗಾಂತರವಿದೆ. ಮಾಂಸ, ನೀರು, ಉಣ್ಣೆಗಳನ್ನು ದಾಟಿ ಹೋಗುವುದು ಅದರ ಗುಣ. ಮೇಲ್ಮಟ್ಟದ ಅಲೆಗಳನ್ನು ನೀರು ಹೀರಿಬಿಡುತ್ತದೆ, ಲೋಹ ಹಿಂದಕ್ಕೆ ತಳ್ಳುತ್ತದೆ. ಹೀಗಾಗಿ ಒಂದೊಂದು ಉದ್ಯಮಕ್ಕೂ ಅಂಟೆನಾ ಬೇರೆ.

ಲಾಭವಿದ್ದ ಕಡೆ ಮೊದಲು

ಅಮೆರಿಕದ ವಾಲ್‌ಮಾರ್ಟ್ 2003ರಲ್ಲಿ ತನ್ನ ದೊಡ್ಡ ಸರಬರಾಜುದಾರರಿಗೆ ಸರಕಿನ ಪೆಟ್ಟಿಗೆಗಳ ಮೇಲೆ ಈ ಚೀಟಿ ಅಂಟಿಸಲು ಸೂಚಿಸಿದಾಗ ಜಗತ್ತಿನ ಗಮನ ಇತ್ತ ಹರಿಯಿತು. ಭಾರತದಲ್ಲಿ ಜನಸಾಮಾನ್ಯರಿಗೆ ಇದರ ಪರಿಚಯವಾದದ್ದು ಫಾಸ್ಟ್ಯಾಗ್‌ನಿಂದ. 2014ರಲ್ಲಿ ಪ್ರಾಯೋಗಿಕವಾಗಿ ಆರಂಭವಾದ ವ್ಯವಸ್ಥೆ 2021ರ ಫೆಬ್ರುವರಿ 15ರ ಮಧ್ಯರಾತ್ರಿಯಿಂದ ಎಲ್ಲ ಪಥಗಳಿಗೂ ಕಡ್ಡಾಯವಾಯಿತು. 2025ರ ನವೆಂಬರ್ 15ರಿಂದ ಸಕ್ರಿಯ ಫಾಸ್ಟ್ಯಾಗ್ ಇಲ್ಲದವರು ನಗದು ಕೊಟ್ಟರೆ ಎರಡು ಪಟ್ಟು, ಯುಪಿಐ ಮೂಲಕ ಕೊಟ್ಟರೆ ಒಂದೂಕಾಲು ಪಟ್ಟು ಶುಲ್ಕ ತೆರಬೇಕೆಂಬ ನಿಯಮ ಜಾರಿಗೆ ಬಂತು. ಗುರುತು ಇಲ್ಲದವನಿಗೆ ದಂಡ ಎಂಬುದು ಇದರ ಸಾರ.

ರೈಲ್ವೆಯಲ್ಲೂ ಇದೇ ತಂತ್ರ ನೆಲೆಯೂರುತ್ತಿದೆ. ಹೊಸಪೇಟೆ-ಹರಿಹರ ಮಾರ್ಗ ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳನ್ನು ಹಾದುಹೋಗುತ್ತದೆ. ಗೂಡ್ಸ್ ವ್ಯಾಗನ್‌ಗಳಿಗೆ ಟ್ಯಾಗ್ ಅಳವಡಿಸಿ, ಹಳಿಯ ಪಕ್ಕದ ರೀಡರ್‌ಗಳಿಂದ ಅವುಗಳ ಜಾಡು ಹಿಡಿಯುವ ಯೋಜನೆಯನ್ನು ಭಾರತೀಯ ರೈಲ್ವೆ ಕೈಗೊಂಡಿದೆ. ಅಪಘಾತ ತಡೆಯುವ 'ಕವಚ' ವ್ಯವಸ್ಥೆಯಲ್ಲಿ ಟ್ಯಾಗ್ ಇರುವುದು ಎರಡು ಹಳಿಗಳ ನಡುವಿನ ಸ್ಲೀಪರ್ ಮೇಲೆ. ಅದನ್ನು ಓದುವ ಅಂಟೆನಾ ಎಂಜಿನ್‌ನ ತಳದಲ್ಲಿ. ಗಾಡಿ ಎಲ್ಲಿದೆ ಎಂಬುದು ಎಂಜಿನ್‌ಗೆ ತಿಳಿಯುವುದು ಹೀಗೆ.

ಅದಿರು ಕಲಿಸಿದ ಪಾಠ

ಆದರೆ ಸಂಖ್ಯೆ ಓದಿದ ಮಾತ್ರಕ್ಕೆ ಸತ್ಯ ತಿಳಿಯುವುದಿಲ್ಲ ಎಂಬುದನ್ನು ಅವಿಭಜಿತ ಬಳ್ಳಾರಿ ಜಿಲ್ಲೆಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು 2011ರ ಜುಲೈನಲ್ಲಿ ಸಲ್ಲಿಸಿದ ಲೋಕಾಯುಕ್ತ ವರದಿಯ ಪ್ರಕಾರ, 2006ರಿಂದ 2010ರ ಅವಧಿಯಲ್ಲಿ ಅಕ್ರಮವಾಗಿ ರಫ್ತಾದ ಅದಿರು ಸುಮಾರು 2.98 ಕೋಟಿ ಟನ್. ಅದರ ಮೌಲ್ಯ 12,228 ಕೋಟಿ ರೂಪಾಯಿ. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಗೆ ತಡೆ ನೀಡಿತು. ಅಂದು ಓಡಿದ ಲಾರಿಗಳು ಅದೃಶ್ಯವಾಗಿರಲಿಲ್ಲ. ಅವುಗಳಿಗೆ ನೋಂದಣಿ ಸಂಖ್ಯೆ ಇತ್ತು, ದಾರಿಯಲ್ಲಿ ತನಿಖಾ ಠಾಣೆಗಳಿದ್ದವು. ಇಲ್ಲದಿದ್ದುದು ಲಾರಿಯ ಸಂಖ್ಯೆ, ಪರ್ಮಿಟ್ ಹಾಗೂ ತೂಕ ಈ ಮೂರನ್ನೂ ಒಂದಕ್ಕೊಂದು ತಾಳೆ ನೋಡುವ ಇಚ್ಛೆ.

ಅಂಟೆನಾ ಲಾರಿಯನ್ನು ಗುರುತಿಸಬಲ್ಲದು, ಅದರೊಳಗಿನ ಹೊರೆಯನ್ನಲ್ಲ. ತೂಕದ ಸೇತುವೆಯ ಅಂಕಿಯೂ ಪರ್ಮಿಟ್‌ನ ಅಂಕಿಯೂ ಅದೇ ಕ್ಷಣದಲ್ಲಿ ಸಂಖ್ಯೆಗೆ ಜೋಡಣೆಯಾಗಿ, ಆ ಲೆಕ್ಕ ಸಾರ್ವಜನಿಕರ ಕಣ್ಣಿಗೆ ಬಿದ್ದರೆ ಮಾತ್ರ ಯಂತ್ರಕ್ಕೆ ಅರ್ಥ. ಇಲ್ಲವಾದರೆ ಕಳ್ಳಸಾಗಣೆಯೂ ಅಚ್ಚುಕಟ್ಟಾಗಿ ದಾಖಲಾಗುತ್ತದೆ, ಅಷ್ಟೆ.

ಎಣಿಕೆಗೆ ಸಿಗದ ಸಂಪತ್ತು

2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವುದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು. ಮಳೆಯನ್ನೇ ನೆಚ್ಚಿದ ಈ ಸೀಮೆಯಲ್ಲಿ ಬೆಳೆ ಕೈಕೊಟ್ಟಾಗ ಕೈಹಿಡಿಯುವುದು ಕುರಿ. ಬಳ್ಳಾರಿ ಹೆಸರಿನದೇ ಒಂದು ಕುರಿ ತಳಿ ಇದೆ. ಮೇವು ಬತ್ತಿದ ಮೇಲೆ ಮಂದೆಯೊಡನೆ ನೀರಾವರಿ ಸೀಮೆಗೆ ವಲಸೆ ಹೋಗುವ ಕುಟುಂಬಗಳಿಗೆ ಅದೇ ಬ್ಯಾಂಕ್ ಖಾತೆ, ಅದೇ ವಿಮೆ.

ಕುರಿ ಸತ್ತರೆ ಸರ್ಕಾರದ ಅನುಗ್ರಹ ಯೋಜನೆಯಲ್ಲಿ ಪರಿಹಾರವಿದೆ. 5,000 ರೂಪಾಯಿ ಇದ್ದ ಮೊತ್ತವನ್ನು 2025-26ರ ರಾಜ್ಯ ಬಜೆಟ್‌ನಲ್ಲಿ 7,500 ರೂಪಾಯಿಗೆ ಏರಿಸಿ ಘೋಷಿಸಲಾಯಿತು. ಆದರೆ ಊರಿನಿಂದ ದೂರದ ಯಾವುದೋ ಹೊಲದಲ್ಲಿ ರಾತ್ರಿ ಸತ್ತ ಕುರಿ ತನ್ನದೇ ಎಂದು ಸಾಬೀತುಪಡಿಸುವುದು ಹೇಗೆ? ಕಳವಾದ ಕುರಿ ಬೇರೊಂದು ಸಂತೆಯಲ್ಲಿ ಕಂಡರೆ ಗುರುತು ಹೇಳುವುದು ಹೇಗೆ? ದನ, ಎಮ್ಮೆಗಳ ಕಿವಿಗೆ ಹಾಕುವ 12 ಅಂಕಿಗಳ ಹಳದಿ ಓಲೆಯೂ ಹತ್ತಿರ ನಿಂತು ಓದಬೇಕಾದದ್ದೇ. ನೂರಾರು ಕುರಿಗಳ ಮಂದೆಯಲ್ಲಿ ಒಂದೊಂದರ ಕಿವಿ ಹಿಡಿದು ಅಂಕಿ ಬರೆದುಕೊಳ್ಳುವುದು ಆಗದ ಮಾತು.

ಅನ್ಯ ದೇಶಗಳು ಈ ತೊಡಕನ್ನು ಬಿಡಿಸಿಕೊಂಡಿವೆ. ಐರೋಪ್ಯ ಒಕ್ಕೂಟದಲ್ಲಿ 2010ರಿಂದಲೇ ಕುರಿಗಳಿಗೆ ಎಲೆಕ್ಟ್ರಾನಿಕ್ ಗುರುತು ಕಡ್ಡಾಯ. ಆಸ್ಟ್ರೇಲಿಯಾದಲ್ಲಿ 2025ರ ಜನವರಿ 1ರಿಂದ ಹುಟ್ಟುವ ಮರಿಗಳಿಗೆ ಇದೇ ನಿಯಮ ಬಂದಿದೆ. ಇಕ್ಕಟ್ಟಾದ ಓಣಿಯಲ್ಲಿ ಕುರಿಗಳನ್ನು ಸಾಲಾಗಿ ಬಿಟ್ಟರೆ ಪಕ್ಕದ ಅಂಟೆನಾ ಒಂದೊಂದನ್ನೂ ಎಣಿಸುತ್ತದೆ. ಯಾವುದಕ್ಕೆ ಲಸಿಕೆ ಬಿದ್ದಿದೆ, ಯಾವುದಕ್ಕೆ ಬಾಕಿ ಇದೆ ಎಂಬುದೂ ತಿಳಿಯುತ್ತದೆ.

ಯಾರ ಕೈಯಲ್ಲಿ ಲೆಕ್ಕ?

ಎಚ್ಚರಿಕೆಯೂ ಅಗತ್ಯ. ಓಲೆಯ ಖರ್ಚನ್ನು ಕುರಿಗಾಹಿಯ ಮೇಲೆ ಹೊರಿಸಿದರೆ, ಓಲೆ ಬಿದ್ದುಹೋಯಿತೆಂದು ಪರಿಹಾರ ನಿರಾಕರಿಸಿದರೆ, ಕಾಡಂಚಿನಲ್ಲಿ ಮೇಯಿಸಿದ್ದಕ್ಕೆ ದಂಡ ಹಾಕಲು ಅದೇ ಸಂಖ್ಯೆಯನ್ನು ಬಳಸಿದರೆ ಅಂಟೆನಾ ಮತ್ತೊಂದು ಟೋಲ್‌ಗೇಟ್ ಆಗುತ್ತದೆ. ಪಶುವೈದ್ಯ ಆಸ್ಪತ್ರೆಗೊಂದು, ದೊಡ್ಡ ಸಂತೆಗೊಂದು ರೀಡರ್, ಸರ್ಕಾರದ ವೆಚ್ಚದಲ್ಲಿ ಓಲೆ, ದಾಖಲೆಯ ಪ್ರತಿ ಕುರಿಗಾಹಿಯ ಕೈಗೆ ಎಂಬ ಮೂರು ಷರತ್ತುಗಳೊಡನೆ ಒಂದು ತಾಲ್ಲೂಕಿನಲ್ಲಿ ಪ್ರಯೋಗ ನಡೆಸುವುದು ಅಸಾಧ್ಯವೇನಲ್ಲ. ಅದಿರಿನ ಧೂಳು ಕಂಡ ಜಿಲ್ಲೆಗಳ ಅಭಿವೃದ್ಧಿಗೆಂದೇ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಿದೆ; ಜೀವನೋಪಾಯಕ್ಕೆ ನೆರವಾಗುವುದೂ ಅದರ ಉದ್ದೇಶಗಳಲ್ಲೊಂದು.

ಸರ್ಕಾರಕ್ಕೆ ಬರಬೇಕಾದ ಹಣವನ್ನು ಅರೆಕ್ಷಣದಲ್ಲಿ ಎಣಿಸಬಲ್ಲ ಯಂತ್ರ, ಬಡವನಿಗೆ ಸರ್ಕಾರದಿಂದ ಬರಬೇಕಾದ ಹಣವನ್ನೂ ಎಣಿಸಬಲ್ಲದು. ಅಂಟೆನಾದಲ್ಲಿ ಭೇದವಿಲ್ಲ. ಅದನ್ನು ಎಲ್ಲಿ ನೆಡಬೇಕೆಂದು ನಿರ್ಧರಿಸುವವರಲ್ಲಿ ಭೇದ ಅಳಿದರೆ ಸಾಕು.